ಪದ ಪರಿಚಯ: ಧರ್ಮನಿಂದನೆ, ಧರ್ಮತ್ಯಾಗ

ನಾಸ್ತಿಕರ ಮೇಲೆ ಬೀಳುವ ಕೇಸುಗಳ ಕಾಗದದಲ್ಲಿ ‘ನಾಸ್ತಿಕ’ ಎಂಬ ಪದವೇ ಹೆಚ್ಚಾಗಿ ಇರುವುದಿಲ್ಲ. ಅಲ್ಲಿರುವುದು ಬೇರೆ ಹೆಸರುಗಳು. ಅವುಗಳಲ್ಲಿ ಎರಡು ಮುಖ್ಯ: ಧರ್ಮನಿಂದನೆ, ಧರ್ಮತ್ಯಾಗ.

ದೇವರನ್ನೋ ಪ್ರವಾದಿಯನ್ನೋ ಗ್ರಂಥವನ್ನೋ ಹೀಗಳೆದರೆ ನಿಂದನೆ. ಇದ್ದ ಧರ್ಮವನ್ನು ಬಿಟ್ಟು ಹೊರಬಂದರೆ ತ್ಯಾಗ. ಪಾಕಿಸ್ತಾನದ ದಂಡಸಂಹಿತೆಯಲ್ಲಿ ಪ್ರವಾದಿನಿಂದನೆಗೆ ಮರಣದಂಡನೆ ಇದೆ, ಮಾರಿಟೇನಿಯಾದಲ್ಲಿ ಧರ್ಮತ್ಯಾಗಕ್ಕೂ ಇದೆ. ನಾಸ್ತಿಕತೆ ಇವೆರಡಕ್ಕಿಂತ ಸರಳ: ‘ನ ಅಸ್ತಿ’, ಇಲ್ಲ ಎನ್ನುವುದು. ಆದರೆ ‘ಇಲ್ಲ’ ಎಂದದ್ದು ಬೈಗುಳವಾಗಿಯೇ ಕೇಳಿಸುವ ಕಿವಿ ಬಹಳ ಹಳೆಯದು. ಮನುಸ್ಮೃತಿಯ ‘ನಾಸ್ತಿಕೋ ವೇದನಿಂದಕಃ’ ಎಂಬ ಮಾತಿನಲ್ಲಿ ನಾಸ್ತಿಕನೂ ನಿಂದಕನೂ ಒಬ್ಬನೇ. ಅಂಥವನಿಗೆ ಸಜ್ಜನರು ಬಹಿಷ್ಕಾರ ಹಾಕಬೇಕೆನ್ನುವುದೂ ಅದೇ ಶ್ಲೋಕ.

ಇಂಡೋನೇಷ್ಯಾದ ಸರ್ಕಾರಿ ನೌಕರ ಅಲೆಕ್ಸಾಂಡರ್ ಆನ್ ಅವರ ಪ್ರಕರಣ ನೋಡಿ. ದೇವರಿಲ್ಲ ಎಂದು ಫೇಸ್‌ಬುಕ್‌ನಲ್ಲಿ ಬರೆದರು, ಜನ ಮುತ್ತಿಗೆ ಹಾಕಿದರು, ಜೈಲಿಗೆ ಹೋದದ್ದು ಬರೆದವರು. 2012ರಲ್ಲಿ ಎರಡೂವರೆ ವರ್ಷ ಶಿಕ್ಷೆಯಾಯಿತು. ತೀರ್ಪಿನ ಪ್ರಕಾರ ಅಪರಾಧ ನಾಸ್ತಿಕತೆಯಲ್ಲ, ಧಾರ್ಮಿಕ ದ್ವೇಷ ಹರಡಿದ್ದು! ನೈಜೀರಿಯಾದ ಮುಬಾರಕ್ ಬಾಲಾ ಅವರಿಗೆ 2022ರಲ್ಲಿ ಕಾನೋ ಹೈಕೋರ್ಟ್ ವಿಧಿಸಿದ್ದು 24 ವರ್ಷ, ಅದೂ ಫೇಸ್‌ಬುಕ್ ಬರಹಗಳಿಗೇ. ಮೇಲ್ಮನವಿಯಲ್ಲಿ ಅದು 5 ವರ್ಷಕ್ಕಿಳಿಯಿತು. ಸೌದಿ ಅರೇಬಿಯಾ ಇಂಥ ಮುಸುಕಿನ ಗೋಜಿಗೇ ಹೋಗಲಿಲ್ಲ. 2014ರ ಅದರ ನಿಯಮಗಳು ನಾಸ್ತಿಕ ವಿಚಾರದ ಪ್ರಚಾರವನ್ನು ನೇರವಾಗಿ ಭಯೋತ್ಪಾದನೆಯ ಪಟ್ಟಿಗೆ ಸೇರಿಸಿದವು.

ಜೈಲಿಗೆ ಹಾಕದೆಯೂ ಹೊರಗಿಡಬಹುದು. ಅದಕ್ಕೆ ಪ್ರಮಾಣವಚನ ಸಾಕು. 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಗೆದ್ದುಬಂದ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ, ದೇವರ ಹೆಸರಿಲ್ಲದೆ ಪ್ರಮಾಣ ಮಾಡುತ್ತೇನೆಂದರು. ಆಗದು ಎಂದಿತು ಸದನ. ಹಾಗಾದರೆ ಎಲ್ಲರಂತೆಯೇ ಮಾಡುತ್ತೇನೆಂದರು ಬ್ರಾಡ್ಲಾ. ನಂಬದವನ ಆಣೆಗೇನು ಬೆಲೆ ಎಂದು ಸದಸ್ಯರು ಅದಕ್ಕೂ ಅಡ್ಡ ಬಂದರು. 1882ರಲ್ಲಿ ಬ್ರಾಡ್ಲಾ ಜೇಬಿನಿಂದ ಬೈಬಲ್ ಪ್ರತಿ ತೆಗೆದು, ಸದನದಲ್ಲೇ ತಮಗೆ ತಾವೇ ಪ್ರಮಾಣ ಬೋಧಿಸಿಕೊಂಡರು. ಅದಕ್ಕೆ ಉಚ್ಚಾಟನೆಯಾಯಿತು. ಕ್ಷೇತ್ರದ ಜನರೂ ಹಟಮಾರಿಗಳೇ, ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. ತಕರಾರಿಲ್ಲದೆ ಕೂರಲು ಸಿಕ್ಕಿದ್ದು 1886ರಲ್ಲಿ.

ದೇವರನ್ನು ನಂಬದಿರುವುದೂ ನಂಬಿಕೆಯ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಸ್ಪಷ್ಟಪಡಿಸಿದೆ. ಐರ್ಲೆಂಡ್ 2018ರಲ್ಲಿ ಜನಮತಗಣನೆ ನಡೆಸಿ ಧರ್ಮನಿಂದನೆಯನ್ನು ಸಂವಿಧಾನದಿಂದಲೇ ತೆಗೆದುಹಾಕಿತು. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಸಂವಿಧಾನದಲ್ಲಿ ಮಾತ್ರ, ದೇವರಿಲ್ಲ ಎನ್ನುವವರು ಸರ್ಕಾರಿ ಹುದ್ದೆಗೂ ನ್ಯಾಯಾಲಯದ ಸಾಕ್ಷಿಕಟ್ಟೆಗೂ ಅನರ್ಹರು ಎಂಬ ಸಾಲು ಹಾಗೇ ಉಳಿದಿದೆ. ಹುದ್ದೆಗೆ ಇಂಥ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ, ಮೇರಿಲ್ಯಾಂಡ್‌ನ ರಾಯ್ ಟೊರ್ಕಾಸೊ ಎಂಬವರ ಪ್ರಕರಣದಲ್ಲಿ ಹೇಳಿಯಾಗಿದೆ. ಅವರು ಕೇಳಿದ್ದು ಒಂದು ನೋಟರಿ ಕೆಲಸ, ಅಷ್ಟೇ.