ಕಡಲಹಕ್ಕಿಗಳಿಗೆ ಕೃತಕ ಗೂಡು: ಅಡ್ಡಿ ಎಲ್ಲಿದೆ ಅಂತ ಮೊದಲು ನೋಡಿ

ತುಮಕೂರಿಗೆ ಕಡಲು ದೂರ. ಆದರೆ ಶಿರಾ ತಾಲ್ಲೂಕಿನ ಕಗ್ಗಲಡು ನಮಗೆಲ್ಲ ಗೊತ್ತು, ಅಲ್ವಾ? ಅಲ್ಲಿ ಬಣ್ಣದ ಕೊಕ್ಕರೆಗಳಿಗೆ ಊರೊಳಗಿನ ಹುಣಸೆ ಮರ ಇದ್ದರೆ ಸಾಕು, ಗೂಡು ತಾವೇ ಕಟ್ಟಿಕೊಳ್ಳುತ್ತವೆ. ಗೂಡಿನ ಜಾಗವೇ ಇಲ್ಲವಾದರೆ? ಈ ಪಾಠ ಅದರ ಬಗ್ಗೆ.

ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳ ಕಡಲಹಕ್ಕಿ ಬರ್ಮುಡಾ ಪೆಟ್ರೆಲ್‌ನ ಕತೆ ಚೆನ್ನಾಗಿ ಅರ್ಥವಾದರೆ ಉಳಿದದ್ದು ಸುಲಭ. ಈ ಹಕ್ಕಿ 300 ವರ್ಷಗಳಿಗೂ ಹಿಂದೆಯೇ ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. 1951ರಲ್ಲಿ ಕೆಲವೇ ಜೋಡಿ ಸಿಕ್ಕವು. ಇದು ಮಣ್ಣಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಹಕ್ಕಿ. ಹಡಗುಗಳಲ್ಲಿ ಬಂದ ಹಂದಿ, ಇಲಿ, ಬೆಕ್ಕುಗಳ ಕಾಟಕ್ಕೆ ದೊಡ್ಡ ದ್ವೀಪಗಳಲ್ಲಿ ನಾಶವಾಗಿ, ಮಣ್ಣೇ ಇಲ್ಲದ ಪುಟ್ಟ ಬಂಡೆಗಳ ಮೇಲಷ್ಟೇ ಉಳಿದಿತ್ತು. ಅಲ್ಲಿ ಕಲ್ಲಿನ ಸಂದೇ ಗತಿ. ಅದೇ ಸಂದಿಗೆ ಬಿಳಿಬಾಲದ ಟ್ರಾಪಿಕ್‌ಬರ್ಡ್ ಎಂಬ ಇನ್ನೊಂದು ಕಡಲಹಕ್ಕಿ ಕೂಡ ಬರುತ್ತಿತ್ತು. ಅದು ಬರುವ ಹೊತ್ತಿಗೆ ಪೆಟ್ರೆಲ್ ಮರಿ ಇನ್ನೂ ಎಳೆಯದು. ಮರಿಯನ್ನು ಕೊಂದು ಜಾಗ ಹಿಡಿಯುತ್ತಿತ್ತು.

ಪರಿಹಾರ ತುಂಬಾ ಸರಳ: ಸಂದಿನ ಬಾಯಿಗೆ ಒಂದು ಮರದ ಹಲಗೆ, ಅದರಲ್ಲೊಂದು ತೂತು. ಪೆಟ್ರೆಲ್ ನುಸುಳಬಹುದು, ಅದಕ್ಕಿಂತ ತುಸು ದಪ್ಪದ ಟ್ರಾಪಿಕ್‌ಬರ್ಡ್‌ಗೆ ಆಗದು. ಕೆಲವೇ ಮಿಲಿಮೀಟರ್ ವ್ಯತ್ಯಾಸ ಮರಿಯ ಜೀವ ಉಳಿಸಿತು. ಆಮೇಲೆ ಬರ್ಮುಡಾದ ಹಕ್ಕಿ ಸಂರಕ್ಷಕ ಡೇವಿಡ್ ವಿಂಗೇಟ್ ಕಾಂಕ್ರೀಟಿನ ಬಿಲಗಳನ್ನು ಕಟ್ಟಿದರು. ಒಳಗೆ ಕತ್ತಲೆಯ ಸುರಂಗ, ಕೊನೆಗೆ ಗೂಡಿನ ಕೋಣೆ, ಮೇಲೆ ಎತ್ತಿ ನೋಡಲು ಮುಚ್ಚಳ. 2004ರಿಂದ 2008ರವರೆಗೆ ಮರಿಗಳನ್ನು ಬರ್ಮುಡಾದ ನಾನ್‌ಸಚ್ ದ್ವೀಪದ ಇಂಥ ಬಿಲಗಳಿಗೆ ತಂದು ಸಾಕಿದರು. ಹಾರಿಹೋದ ಜಾಗಕ್ಕೇ ಮರಳುವುದು ಇವುಗಳ ಸ್ವಭಾವ. 2009ರಲ್ಲಿ ಅಲ್ಲೇ ಮರಿಯಾಯಿತು. ಇಂದು ಒಟ್ಟು ಜೋಡಿಗಳು 100 ದಾಟಿವೆ. ನನಗಂತೂ ಈ ಭಾಗ ಓದಿದಾಗೆಲ್ಲ ಖುಷಿಯಾಗುತ್ತದೆ.

ಆಸ್ಟ್ರೇಲಿಯಾದ ಟಾಸ್ಮೇನಿಯಾದ ಕಡಲಹಕ್ಕಿ ಶೈ ಆಲ್ಬಟ್ರಾಸ್‌ನ ಅಡ್ಡಿ ಬೇರೆ. ಅದರ ಮಣ್ಣಿನ ಗೂಡು ಗಟ್ಟಿಯಿಲ್ಲದಿದ್ದರೆ ಮೊಟ್ಟೆ, ಮರಿ ಉಳಿಯುವುದು ಕಷ್ಟ. ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. 2017ರಲ್ಲಿ 100ಕ್ಕೂ ಹೆಚ್ಚು ಸಿದ್ಧ ಗೂಡುಗಳನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಿ ಇಟ್ಟರು. ಮೊದಲ ಸುತ್ತಿನಲ್ಲಿ ಸಹಜ ಗೂಡುಗಳಿಗಿಂತ ಸುಮಾರು ಶೇ. 20ರಷ್ಟು ಹೆಚ್ಚು ಯಶಸ್ಸು ಸಿಕ್ಕಿತು.

ಸುಮ್ನೆ ಡಬ್ಬ ಇಟ್ಟರೆ ಆಗದು ಅನ್ನುವುದಕ್ಕೆ ಆಫ್ರಿಕನ್ ಪೆಂಗ್ವಿನ್ ನೋಡಿ. ಅದು ಬಿಲ ತೋಡುತ್ತಿದ್ದ ಹಿಕ್ಕೆಯ ದಪ್ಪ ಪದರವನ್ನು ಗೊಬ್ಬರಕ್ಕೆಂದು 19ನೇ ಶತಮಾನದಲ್ಲಿ ಕೆರೆದು ಸಾಗಿಸಿದರು. ಹಕ್ಕಿ ಬಿಸಿಲಿಗೆ ಬಿತ್ತು. ಫೈಬರ್‌ಗ್ಲಾಸ್ ಗೂಡು ಇಟ್ಟರೆ ಕೆಲವು ಕಡೆ ಒಳಗೆ ಕಾವು ಜಾಸ್ತಿಯಾಯಿತು. ಆಮೇಲೆ ಬಂದದ್ದು ಸೆರಾಮಿಕ್ ಗೂಡು. ಆದರೆ ಈ ಪೆಂಗ್ವಿನ್‌ಗೆ ಮೀನಿನ ಕೊರತೆಯೂ ಇದೆ. ಅದು ತಿನ್ನುವ ಸಾರ್ಡೀನ್, ಆಂಚೊವಿ ಮೀನುಗಳು ಕಡಿಮೆಯಾಗಿವೆ. 2024ರಲ್ಲಿ ಇದನ್ನು ಅಳಿವಿನ ಅತಿ ತೀವ್ರ ಅಪಾಯದ ಪಟ್ಟಿಗೆ ಸೇರಿಸಿದರು. ಈ ಪಾಠದ ಪ್ರಶ್ನೆಗೆ ಉತ್ತರ ಬರೆಯುವಾಗ ಗೂಡಿನ ಜೊತೆ ಮೀನುಗಾರಿಕೆಯ ನಿರ್ಬಂಧವನ್ನೂ ಸೇರಿಸಿ.