ನೆಲಾ ನಂಬಬ್ಯಾಡ್ರಿ ಎಂದ ಗೌಂಡಿ

ವಿಜ್ಞಾನದ ಅಂಕಣ ಅಚ್ಚಾದ ದಿನ ಒಂದಷ್ಟು ಫೋನ್ ಬರುತ್ತವೆ. ಹೆಚ್ಚಿನವು ‘ಚಲೋ ಬರದೀರಿ ಸರ್, ಭಾಳ ಮಾಹಿತಿ ಸಿಕ್ತು’ ಎಂಬಂಥವು. ಕೇಳಲು ಹಿತ. ಆದರೆ ಹಾಗೆಂದವರು ಇನ್ನೊಮ್ಮೆ ಫೋನ್ ಮಾಡುವುದು ಅಪರೂಪ. ಮತ್ತೆ ಮತ್ತೆ ಮಾಡುವವರು, ಸಂತೆಗೋ ಕೋರ್ಟಿಗೋ ಧಾರವಾಡಕ್ಕೆ ಬಂದಾಗ ವಿಳಾಸ ಕೇಳಿಕೊಂಡು ಮನೆತನಕ ಬರುವವರು ಬೇರೆಯೇ ಜನ. ಬರೆದದ್ದನ್ನು ತಮ್ಮ ಹೊಲದಲ್ಲೋ ಅಂಗಳದಲ್ಲೋ ಒರೆಗೆ ಹಚ್ಚಿ ನೋಡಿ, ‘ಇದಕ್ಕ ಇನ್ನೊಂದು ಸೇರಿಸ್ರಿ’ ಎನ್ನುವವರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಜೊತೆಗೆ ಅಂಕಣವನ್ನೂ ಬರೆಯುತ್ತ ನನಗೆ ಖಾತ್ರಿಯಾದದ್ದು ಇಷ್ಟೇ: ವಿಜ್ಞಾನದ ಬರಹದ ಸುತ್ತ ಒಂದು ಬಳಗ ಬೆಳೆಯಬೇಕಾದರೆ ಓದುಗರ ಕೈಗೆ ಕೆಲಸ ಕೊಡಬೇಕು.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ನೋಡಿ. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಪ್ರತಿ ವರ್ಷ ಪತ್ರಿಕೆಗಳಲ್ಲಿ ‘ವಿದೇಶಿ ಅತಿಥಿಗಳ ಆಗಮನ’ ಎಂಬ ತಲೆಬರಹ ತಪ್ಪುವುದಿಲ್ಲ. ಆ ಸೀಮೆಯ ರೈತರೊಬ್ಬರು ನನಗೆ ಫೋನಿನಲ್ಲಿ ಹೇಳಿದ್ದು: ‘ಅತಿಥಿ, ಅತಿಥಿ ಅಂತ ಎಲ್ಲಾರೂ ಬರೀತೀರಿ. ರಾತ್ರಿ ನಮ್ಮ ಕಡ್ಲಿ ಹೊಲಕ್ಕ ಬಂದು ನೋಡ್ರಿ, ಅತಿಥಿ ಊಟಾ ಹೆಂಗಿರತೈತಿ ಅಂತ.’ ಹೆಬ್ಬಾತು ಮೇಯುವ ಹಕ್ಕಿ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗಳಲ್ಲಿ ಚಿಗುರು, ಕಾಳು. ಇಷ್ಟನ್ನು ಪುಸ್ತಕವೂ ಹೇಳುತ್ತದೆ. ಆದರೆ ಮೊದಲ ಹಿಂಡು ಇಳಿದದ್ದು ಯಾವ ವಾರ, ಸಂಜೆ ಯಾವ ದಿಕ್ಕಿಗೆ ಏಳುತ್ತವೆ, ಕಡಲೆ ಎಷ್ಟೆತ್ತರ ಇದ್ದಾಗ ಬಾಯಿ ಹಾಕುತ್ತವೆ, ಪಕ್ಕದ ಹೊಲದ ಜೋಳವನ್ನು ಮುಟ್ಟುತ್ತವೋ ಇಲ್ಲವೋ, ಇವೆಲ್ಲ ರಾತ್ರಿ ಕಾವಲಿಗೆ ಕೂತವರಿಗೇ ಗೊತ್ತಿರಬೇಕು. ಈಗ ಅವರು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಪಕ್ಷಿಪ್ರೇಮಿ ಎಂದು ಕರೆದರೆ ಬೈದಾರು. ಅವರ ಬರವಣಿಗೆಯ ಮೇಲೆ ನನಗಿರುವ ವಿಶ್ವಾಸಕ್ಕೆ ಅದೂ ಒಂದು ಕಾರಣ. ಹಕ್ಕಿ ಕಡಿಮೆ ಬಂದ ವರ್ಷ ಅವರಿಗೆ ಬೇಸರವೇನೂ ಇಲ್ಲ, ಕಡಿಮೆ ಎಂದೇ ಬರೆಯುತ್ತಾರೆ.

ಹತ್ತಿಯ ಬಗ್ಗೆ ಬರೆದಾಗಲೂ ಹೀಗೇ ಆಯಿತು. ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ಮಾಡಿದ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ 1972ರಲ್ಲಿ ನಮ್ಮ ಧಾರವಾಡದಿಂದಲೇ ಹೊರಬಂದದ್ದು. ಇಂಥ ಹೈಬ್ರಿಡ್ ಬೆಳೆಯ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಒಂದರಂತೆ ಒಂದು ಬರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸದಾಗಿ ಬೀಜ ಮಾಡಲೇಬೇಕು, ಅದೂ ಒಂದೊಂದು ಹೂವಿಗೂ ಕೈ ಹಚ್ಚಿ. ರಾಣೆಬೆನ್ನೂರು, ಹಾವೇರಿ ಕಡೆ ಈ ‘ಕ್ರಾಸಿಂಗ್’ ಕೆಲಸ ಮಾಡುವ ಹೆಣ್ಣುಮಕ್ಕಳು ಬಹಳ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಿ, ಎಸಳು ಮತ್ತು ಕೇಸರಗಳನ್ನು ಉಗುರಿನಿಂದ ಬಿಡಿಸಿ, ನಡುವಿನ ಶಲಾಕೆಗೆ, ಅಂದರೆ ಹೂವಿನ ಹೆಣ್ಣುಭಾಗಕ್ಕೆ, ಪೆಟ್ಟಾಗದಂತೆ ನೋಡಿಕೊಂಡು ಮೇಲೆ ಮುಚ್ಚಬೇಕು. ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂ ತಂದು ಪರಾಗ ಸವರಬೇಕು. ಒಂದು ಕೇಸರ ಉಳಿದರೂ ಅದೇ ಹೂವಿನ ಪರಾಗ ಅದಕ್ಕೇ ತಗುಲಿ ಬೀಜ ಕೆಡುತ್ತದೆ. ಪಿಯುಸಿ ಪುಸ್ತಕದಲ್ಲಿ ಇದು ನಾಲ್ಕು ಸಾಲು. ಅಂಕಣ ಓದಿಸಿಕೊಂಡು ಕೇಳಿದ ಒಬ್ಬ ತಾಯಿ ತಮ್ಮ ಮಗಳ ಕೈಲಿ ಫೋನ್ ಮಾಡಿಸಿ ಕೇಳಿದ ಪ್ರಶ್ನೆ ಮಾತ್ರ ಯಾವ ಪರೀಕ್ಷೆಯಲ್ಲೂ ಬಂದದ್ದಲ್ಲ: ‘ಮೋಡಾ ಮುಚ್ಚಿದ ದಿನ ಹೂವು ತಡಾ ಮಾಡಿ ಬಿಚ್ಚತಾವಲ್ರಿ, ಅವತ್ತು ಪುಡಿ ಕೈಗೆ ಅಂಟೂದ ಇಲ್ಲ. ಅದು ಥಂಡಿಗೋ ಏನ್ ಬೆಳಕಿಗೋ?’ ಉಷ್ಣಾಂಶ, ತೇವ, ಬೆಳಕು ಈ ಮೂರನ್ನು ಬಿಡಿಸಿ ನೋಡಲು ಏನು ಮಾಡಬೇಕು ಎಂಬುದೇ ಮುಂದಿನ ಅಂಕಣವಾಯಿತು.

ಇನ್ನು ನೆರಳಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಓದುಗರು ಒಟ್ಟಾಗದೆ ವಿಜ್ಞಾನವೇ ನಡೆಯುವುದಿಲ್ಲ.

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆರಡು ದಿನ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ನೆಟ್ಟ ಕೋಲಿನ ನೆರಳು ಆ ಹೊತ್ತು ಬುಡದಲ್ಲೇ ಅಡಗುತ್ತದೆ. ಹಾವೇರಿಗೆ ಆ ದಿನ ಏಪ್ರಿಲ್ 30ರ ಸುಮಾರು, ಹುಬ್ಬಳ್ಳಿ-ಧಾರವಾಡ ಮತ್ತು ಗದಗಕ್ಕೆ ಮೇ 2ರ ಸುಮಾರು, ವಿಜಯಪುರಕ್ಕೆ ಇನ್ನೂ ಐದಾರು ದಿನ ತಡ. ಹನ್ನೆರಡು ಗಂಟೆಗೆ ನೋಡಿ ‘ನೆರಳು ಇತ್ತಲ್ರಿ’ ಎಂದು ಫೋನ್ ಮಾಡುವವರು ಇದ್ದೇ ಇರುತ್ತಾರೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಹುಬ್ಬಳ್ಳಿ ಇರುವುದು 75.1ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಅರ್ಧ ಗಂಟೆ ಹಿಂದೆ. ಆ ವಾರ ಬೇರೊಂದು ಕಾರಣಕ್ಕೆ ಮೂರು ನಿಮಿಷ ಗಳಿಸಿಕೊಳ್ಳುತ್ತಾನೆ. ಅಂತೂ ನಿಜವಾದ ನಡುಮಧ್ಯಾಹ್ನ ಸುಮಾರು 12 ಗಂಟೆ 26 ನಿಮಿಷಕ್ಕೆ.

ನೆರಳು ಮಾಯವಾಗುವುದನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಅದೊಂದು ಆಟ ಅಷ್ಟೇ. ಹಾವೇರಿಯಲ್ಲಿ ನೆರಳಿಲ್ಲದ ಅದೇ ಹೊತ್ತಿಗೆ ವಿಜಯಪುರದಲ್ಲಿ ಒಬ್ಬರು ಒಂದು ಮೀಟರ್ ಕೋಲು ನೆಟ್ಟು ನೋಡಿದರೆ, ಅಲ್ಲಿ ಉತ್ತರಕ್ಕೆ ಮೂರೂವರೆ ಸೆಂಟಿಮೀಟರ್ ನೆರಳು ಬಿದ್ದಿರುತ್ತದೆ. ಅಷ್ಟು ನೆರಳೆಂದರೆ ಎರಡು ಡಿಗ್ರಿಗಿಂತ ಒಂದು ಕೂದಲೆಳೆ ಹೆಚ್ಚು ಕೋನ. ದುಂಡಗಿನ ಭೂಮಿ ಈ ಎರಡು ಊರುಗಳ ನಡುವೆ ಬಾಗಿರುವುದೂ ಅಷ್ಟೇ ಕೋನ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಉತ್ತರ-ದಕ್ಷಿಣವಾಗಿ ಅವುಗಳ ನಡುವಿನ ನೇರ ದೂರ ಸುಮಾರು 226 ಕಿಲೋಮೀಟರ್. ಎರಡು ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು ಎಂದು ಏಳನೆಯ ಇಯತ್ತೆಯ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಉತ್ತರ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಅದು ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಾ ಊರುಗಳ ನಡುವೆ ಮಾಡಿದ್ದು ಇದನ್ನೇ. ಅವನಿಗೆ ಸಿಕ್ಕ ಕೋನ ವೃತ್ತದ ಐವತ್ತನೆಯ ಒಂದು ಪಾಲು.

ಲೆಕ್ಕ ಸಲೀಸು, ಅಳತೆ ಸಲೀಸಲ್ಲ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಮೀಟರ್ ಕೋಲಿನ ನೆರಳಿನ ತುದಿ ಒಂಬತ್ತು ಮಿಲಿಮೀಟರಿನಷ್ಟು ಮಸುಕು. ಮಸುಕಿನಲ್ಲಿ ಎಲ್ಲಿ ಗೆರೆ ಹಾಕಬೇಕು? ಐದು ಮಿಲಿಮೀಟರ್ ಆಚೀಚೆಯಾದರೆ ಭೂಮಿಯ ಸುತ್ತಳತೆಯಲ್ಲಿ ಐದಾರು ಸಾವಿರ ಕಿಲೋಮೀಟರ್ ಏರುಪೇರು. ಬೇರೆ ಬೇರೆ ಜನ ತಂತಮ್ಮ ಕಣ್ಣಿಗೆ ಕಂಡಂತೆ ಅಳೆದರೆ ಒಬ್ಬರದು ತುಸು ಹೆಚ್ಚು, ಇನ್ನೊಬ್ಬರದು ತುಸು ಕಡಿಮೆ. ಸರಾಸರಿಯಲ್ಲಿ ಅವು ಒಂದನ್ನೊಂದು ತಿಂದುಹಾಕುತ್ತವೆ. ಹದಿನಾರು ಮಂದಿ ಅಳೆದರೆ, ಹದಿನಾರರ ವರ್ಗಮೂಲ ನಾಲ್ಕಾದ್ದರಿಂದ, ತಪ್ಪು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಬಳಗ ಬೇಕು ಎಂದು ನಾನು ಹಟ ಹಿಡಿಯುವುದು ಸ್ನೇಹಕ್ಕಾಗಿ ಮಾತ್ರವಲ್ಲ, ಈ ವರ್ಗಮೂಲದ ಲೆಕ್ಕಕ್ಕಾಗಿ.

ಆದರೆ ಎಲ್ಲರೂ ಒಂದೇ ತಪ್ಪು ಮಾಡಿದರೆ ಯಾವ ಸರಾಸರಿಯೂ ಕಾಯುವುದಿಲ್ಲ. ಅಂಥದ್ದೊಂದನ್ನು ಹಿಡಿದುಕೊಟ್ಟವರು ನವಲಗುಂದ ಕಡೆಯ ಗೌಂಡಿಯೊಬ್ಬರು. ಒಂದು ಶಾಲೆಯ ಅಂಗಳದಲ್ಲಿ ಮಕ್ಕಳು ಮೂಲೆಮಟ್ಟ ಇಟ್ಟು, ನೆಲಕ್ಕೆ ಸರಿಯಾಗಿ ಲಂಬವಾಗಿ ಕೋಲು ನಿಲ್ಲಿಸುತ್ತಿದ್ದರು. ಪಕ್ಕದ ಕೋಣೆಗೆ ಗಿಲಾಯಿ ಮಾಡುತ್ತಿದ್ದ ಆತ ಕೆಲಸ ಬಿಟ್ಟು ಬಂದು, ‘ನೆಲಾ ನಂಬಬ್ಯಾಡ್ರಿ. ನೀರು ಹರದು ಹೋಗ್ಲಿ ಅಂತ ಅಂಗಳಾ ಇಳಿಜಾರ ಮಾಡಿರ್ತೇವಿ’ ಎಂದು ತನ್ನ ದಾರದ ಗುಂಡನ್ನು ಮಕ್ಕಳ ಕೈಗೆ ಕೊಟ್ಟರು. ನೂರಕ್ಕೆ ಒಂದರಷ್ಟು ಇಳಿಜಾರು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದಕ್ಕೆ ಲಂಬವಾಗಿ ನಿಂತ ಮೀಟರ್ ಕೋಲು ಒಂದು ಸೆಂಟಿಮೀಟರ್ ವಾಲಿರುತ್ತದೆ, ಎಂದರೆ ಅಳೆಯಬೇಕಾದ ನೆರಳಿನ ಹತ್ತಿರಹತ್ತಿರ ಮೂರನೆಯ ಒಂದು ಪಾಲು. ಗುಂಡಿನ ದಾರ ಭೂಮಿಯ ನಡುವನ್ನು ತೋರಿಸುತ್ತದೆ, ಅಂಗಳವನ್ನಲ್ಲ. ಅಂದಿನಿಂದ ನನ್ನ ಸೂಚನೆಗಳಲ್ಲಿ ಮೂಲೆಮಟ್ಟ ಹೋಗಿ ದಾರದ ಗುಂಡು ಬಂದಿದೆ.

ಇನ್ನೊಂದು ಕಿರಿಕಿರಿ ಸಮಯದ್ದು. ಸೂರ್ಯ ನೆತ್ತಿಯ ಹತ್ತಿರ ಇರುವಾಗ ಮೀಟರ್ ಕೋಲಿನ ನೆರಳಿನ ತುದಿ ನಾಲ್ಕು ನಿಮಿಷಕ್ಕೆ ಸುಮಾರು 17 ಮಿಲಿಮೀಟರ್ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. 12.20ಕ್ಕೆ ಅಳೆದು ಊಟಕ್ಕೆ ಎದ್ದವರ ಅಂಕಿ ಏನೂ ಉಪಯೋಗಕ್ಕಿಲ್ಲ. 12.15ರಿಂದ 12.35ರವರೆಗೆ ಎರಡೆರಡು ನಿಮಿಷಕ್ಕೊಂದು ಚುಕ್ಕಿ ಇಟ್ಟು, ಬುಡಕ್ಕೆ ಅತಿ ಹತ್ತಿರದ್ದನ್ನು ಆರಿಸಿಕೊಳ್ಳಬೇಕು. ಮೇ ತಿಂಗಳ ಬಿಸಿಲು, ಶಾಲೆಗೆ ಸೂಟಿ ಬೇರೆ. ಇಷ್ಟಾದರೂ ಟೋಪಿ ಹಾಕಿಕೊಂಡು ಕೂರುವ ಮೇಷ್ಟ್ರುಗಳಿದ್ದಾರೆ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಮೇಲೇ ಹಾದುಹೋಯಿತು. ದೇಶ ವಿದೇಶದ ವಿಜ್ಞಾನಿಗಳು ಉಪಕರಣ ಹೊತ್ತು ಈ ಸೀಮೆಗೆ ಬಂದಿದ್ದರು. ಊರಿನ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗಿದ್ದರು. ಓಣಿಗಳು ಬಿಕೋ ಅನ್ನುತ್ತಿದ್ದವು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಮೂಢನಂಬಿಕೆ ಎಂದು ಬೈದು ಮುಗಿಸುವುದು ಸುಲಭ. ನನ್ನ ದೂರು ಬೇರೆ: ಊರಿನವರಿಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಕೋಳಿ ಗೂಡು ಸೇರಿದ್ದು ಎಷ್ಟು ಹೊತ್ತಿಗೆ, ಕತ್ತಲು ಎಷ್ಟು ಹೊತ್ತು ಇತ್ತು ಎಂದು ಮನೆಯ ಹಿತ್ತಲಿನಿಂದಲೇ ಬರೆದಿಡಬಹುದಿತ್ತು.

ಕೆಲಸ ಕೊಡುವುದೆಂದರೆ ಎಲ್ಲ ಮಾತಿಗೂ ಹ್ಞೂಂಗುಟ್ಟುವುದಲ್ಲ. ಗ್ರಹಣದ ಹೊತ್ತಿನಲ್ಲಿ ನೀರಿನ ತಟ್ಟೆಯೊಳಗೆ ಒನಕೆ ತಾನಾಗಿ ನಿಲ್ಲುತ್ತದೆ ಎಂಬ ಮಾತು ನಮ್ಮಲ್ಲಿ ಪ್ರತಿ ಗ್ರಹಣಕ್ಕೂ ಚಿಗುರುತ್ತದೆ. 2019ರ ಡಿಸೆಂಬರ್ 26ರ ಗ್ರಹಣದ ಹಿಂದಿನ ದಿನ ನಾನು ಕೇಳಿದ್ದು ಇಷ್ಟೇ: ಇವತ್ತೂ ನಿಲ್ಲಿಸಿ ನೋಡಿ, ನಾಡಿದ್ದೂ ನಿಲ್ಲಿಸಿ ನೋಡಿ. ತಳ ಸಪಾಟಾಗಿರುವ, ಕಬ್ಬಿಣದ ಬಳೆ ಹಾಕಿದ ಒನಕೆ ಕೈ ನಡುಗದವರ ಮನೆಯಲ್ಲಿ ಯಾವ ದಿನವಾದರೂ ನಿಲ್ಲುತ್ತದೆ. ಅದಕ್ಕೆ ನಾಲ್ಕು ಪುಟ ಖಂಡನೆ ಬರೆದಿದ್ದರೆ ಎರಡು ಬಣವಾಗಿ ಜಗಳ ಎದ್ದಿರುತ್ತಿತ್ತು. ಒನಕೆ ನಿಲ್ಲಿಸಿ ನೋಡಿದವರು ನಕ್ಕರು. ಒಬ್ಬ ಅಜ್ಜಿ ಮಾತ್ರ ‘ಗ್ರಹಣದಾಗ ಲಗೂನ ನಿಲ್ಲತೈತಿ’ ಎಂದು ಪಟ್ಟು ಬಿಡಲಿಲ್ಲ. ಅದೂ ಅಳೆಯಬಹುದಾದ ಮಾತೇ. ಮುಂದಿನ ಗ್ರಹಣಕ್ಕೆ ಮೊಮ್ಮಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂರುವುದೆಂದು ಅವರ ಮನೆಯಲ್ಲಿ ತೀರ್ಮಾನವಾಗಿದೆ.

ನೆರಳಿಲ್ಲದ ದಿನ ಆಗಸ್ಟ್ 10ರಿಂದ 13ರೊಳಗೆ ನಮ್ಮ ಜಿಲ್ಲೆಗಳಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಮಳೆಗಾಲ. ರೋಣ, ಮುಂಡರಗಿ ಕಡೆಯ ಬಯಲಿನಲ್ಲಿ ಮೋಡದ ಸಂದಿಯಿಂದ ಬಿಸಿಲು ಇಣುಕೀತು. ಅರೆಮಲೆನಾಡಿನ ಧಾರವಾಡದಲ್ಲಿ ಭರವಸೆ ಕಡಿಮೆ. ಅಳತೆ ಕಳಿಸುವವರು ಊರು, ಕೋಲಿನ ಉದ್ದ, ನೆರಳಿನ ಉದ್ದ, ಸಮಯ ಬರೆಯಿರಿ. ಬಿಸಿಲು ಸಿಗದವರು ‘ಮೋಡ’ ಎಂದೇ ಬರೆದು ಕಳಿಸಿ, ಆ ಕಾಲಮ್ಮೂ ಪಟ್ಟಿಯಲ್ಲಿದೆ.