ಏಳನೇ ಕ್ಲಾಸಿನಲ್ಲೇ ಉಳಿದ 15ರ ಹುಡುಗ: ಕಳೆದುಹೋದ ವರ್ಷಗಳ ಲೆಕ್ಕ

ಅವನಿಗೆ 15 ವರ್ಷ. ಕೂತಿರುವುದು ಏಳನೇ ಕ್ಲಾಸಿನಲ್ಲಿ. ಕುರ್ಚಿ, ಡೆಸ್ಕು ಎರಡೂ ಒಂದೇ ಕಬ್ಬಿಣದ ಚೌಕಟ್ಟಿಗೆ ಸೇರಿಕೊಂಡಿವೆ, 12 ವರ್ಷದವರ ಅಳತೆಗೆ ಮಾಡಿದ್ದು. ಮೊಣಕಾಲು ಒಳಗೆ ಹಿಡಿಯುವುದಿಲ್ಲ. ಹಾಗಾಗಿ ಒಂದು ಕಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಇಡೀ ದಿನ ಕೂರುತ್ತಾನೆ. ಧ್ವನಿ ಒಡೆದಿದೆ, ಮೀಸೆ ಚಿಗುರಿದೆ. ಒಬ್ಬೊಬ್ಬರಿಂದ ಪಾಠ ಗಟ್ಟಿಯಾಗಿ ಓದಿಸುವಾಗ, ತನ್ನ ಸರದಿಗೆ ಇನ್ನೂ ಇಬ್ಬರು ಇದ್ದಾರೆ ಅನ್ನುವಾಗಲೇ ಬಾತ್‌ರೂಮಿಗೆ ಹೋಗಬೇಕು ಅಂತ ಎದ್ದು ನಿಲ್ಲುತ್ತಾನೆ. ಟೀಚರಿಗೂ ಕಾರಣ ಗೊತ್ತು. ಏನೂ ಕೇಳದೆ ಕಳಿಸುತ್ತಾರೆ.

ಅಮೆರಿಕದ ಮಿಡ್ಲ್ ಸ್ಕೂಲುಗಳಲ್ಲಿ ಇಂಥ ಹುಡುಗರು, ಹುಡುಗಿಯರು ಹೊಸಬರಲ್ಲ. ಅಲ್ಲಿ ಇವರನ್ನು ‘ಓವರ್‌ಏಜ್’ ಅನ್ನುತ್ತಾರೆ, ಅಂದರೆ ಕ್ಲಾಸಿನ ವಯಸ್ಸು ಮೀರಿದವರು. ಅಲ್ಲಿನ ಲೆಕ್ಕ ಹೀಗಿದೆ: 6ಕ್ಕೆ ಒಂದನೇ ಕ್ಲಾಸು, 11ಕ್ಕೆ ಆರನೇದು. ಆರರಿಂದ ಎಂಟು ಸಾಮಾನ್ಯವಾಗಿ ಮಿಡ್ಲ್ ಸ್ಕೂಲು. 14ಕ್ಕೆ ಒಂಬತ್ತನೇ ಕ್ಲಾಸು, ಅಲ್ಲಿಂದ ಹನ್ನೆರಡರವರೆಗೆ ಹೈಸ್ಕೂಲು. ಈ ಹುಡುಗ ಇನ್ನು ಮುಂದೆ ಒಂದು ಸಲವೂ ಫೇಲಾಗದೆ ಹೋದರೂ ಹೈಸ್ಕೂಲು ಮುಟ್ಟುವಾಗ 17, ಮುಗಿಸುವಾಗ 21. ಎಷ್ಟೋ ರಾಜ್ಯಗಳಲ್ಲಿ 16 ತುಂಬಿದರೆ ಶಾಲೆ ಬಿಡಲು ಕಾನೂನಿನ ಅಡ್ಡಿಯಿಲ್ಲ. ಹೈಸ್ಕೂಲಿನ ಬಾಗಿಲಿಗಿಂತ ಮೊದಲು ಅವನಿಗೆ ಹೊರಗೆ ಹೋಗುವ ಬಾಗಿಲೇ ಸಿಗುತ್ತದೆ.

ಅವನು ಇಲ್ಲಿಗೆ ಬಂದದ್ದು ಹೇಗೆ? ಅವನ ಸೋಮಾರಿತನ ಅಂತ ಹೇಳಿ ಮುಗಿಸುವವರು ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ಈ ಕಥೆಗೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ, ಅದನ್ನು ಮೊದಲಿಂದ ನೋಡಿದರೆ ತಪ್ಪು ಎಲ್ಲೆಲ್ಲಿ ಆಯಿತು ಅನ್ನುವುದು ಕಾಣುತ್ತದೆ.

19ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಹಳ್ಳಿ ಶಾಲೆ ಅಂದರೆ ಒಂದೇ ಕೋಣೆ. 6 ವರ್ಷದ ಕೂಸೂ 16ರ ಹುಡುಗನೂ ಒಂದೇ ಸೂರಿನ ಕೆಳಗೆ ಕಲಿಯುತ್ತಿದ್ದರು. ಬೆಳೆ ಕೊಯ್ಯುವ ಕಾಲಕ್ಕೆ ಮನೆಗೆ ಹೋಗಿ, ಮತ್ತೆ ಬಂದು ಬಿಟ್ಟಲ್ಲಿಂದ ಪುಸ್ತಕ ಮುಂದುವರಿಸುತ್ತಿದ್ದರು. ಅಲ್ಲಿ ‘ವಯಸ್ಸು ಮೀರಿದವನು’ ಎಂಬ ಮಾತಿಗೆ ಅರ್ಥವೇ ಇರಲಿಲ್ಲ. 1843ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್ ಯುರೋಪಿಗೆ ಹೋದಾಗ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಶಾಲೆಗಳನ್ನು ನೋಡಿದರು. ಮಕ್ಕಳನ್ನು ತರಗತಿಗಳಾಗಿ ಬೇರ್ಪಡಿಸಿ ಕಲಿಸುವ ಕ್ರಮ ಅವರಿಗೆ ಹಿಡಿಸಿತು. ಆ ದಶಕ ಮುಗಿಯುವುದರೊಳಗೆ ಬಾಸ್ಟನ್ನಿನ ಕ್ವಿನ್ಸಿ ಗ್ರಾಮರ್ ಸ್ಕೂಲಿನಲ್ಲಿ ಒಂದೊಂದು ಕ್ಲಾಸಿಗೆ ಒಂದೊಂದು ಕೋಣೆ, ಒಬ್ಬೊಬ್ಬ ಟೀಚರ್, ಒಬ್ಬೊಬ್ಬ ಮಗುವಿಗೂ ಬೇರೆ ಡೆಸ್ಕು ಬಂತು. ಊರು ಬೆಳೆಯುತ್ತಿದ್ದ ಕಾಲ, ಅನುಕೂಲವಾಗಿತ್ತು ನಿಜ. ಆದರೆ ಕ್ಲಾಸು ಬಂದ ಮೇಲೆ ವರ್ಷಕ್ಕೊಂದು ಮೆಟ್ಟಿಲು ಬಂತು. ಮೆಟ್ಟಿಲು ಹತ್ತದವನು ಅಲ್ಲೇ ನಿಲ್ಲಬೇಕಾಯಿತು.

ಎಷ್ಟು ಮಕ್ಕಳು ಹಾಗೆ ನಿಂತಿದ್ದಾರೆ ಅಂತ ದೊಡ್ಡ ಮಟ್ಟದಲ್ಲಿ ಎಣಿಸಿ ತೋರಿಸಿದವರು ಲೆನರ್ಡ್ ಏರ್ಸ್. ರಸೆಲ್ ಸೇಜ್ ಫೌಂಡೇಷನ್ನಿಗಾಗಿ ಹಲವು ನಗರಗಳ ಶಾಲಾ ದಾಖಲೆ ಜಾಲಾಡಿ 1909ರಲ್ಲಿ ಒಂದು ಪುಸ್ತಕ ಬರೆದರು. ಹೆಸರು ‘ಲ್ಯಾಗರ್ಡ್ಸ್ ಇನ್ ಅವರ್ ಸ್ಕೂಲ್ಸ್’, ನಮ್ಮ ಶಾಲೆಗಳಲ್ಲಿ ಹಿಂದೆ ಬಿದ್ದವರು ಎಂದರ್ಥ. ಅವರ ಲೆಕ್ಕದಲ್ಲಿ ಮೂರರಲ್ಲಿ ಒಂದು ಮಗು ತನ್ನ ಕ್ಲಾಸಿಗೆ ವಯಸ್ಸು ಮೀರಿತ್ತು. ಆರರಲ್ಲಿ ಒಂದು ಮಗು ಓದಿದ್ದನ್ನೇ ಮತ್ತೆ ಓದುತ್ತಿತ್ತು. ಹೀಗೆ ಮತ್ತೆ ಓದಿಸುವುದಕ್ಕೆ ನಗರಗಳಲ್ಲೇ ವರ್ಷಕ್ಕೆ ಸುಮಾರು 2.7 ಕೋಟಿ ಡಾಲರ್ ಖರ್ಚಾಗುತ್ತಿದೆ ಅಂದರು. ಕಾರಣ ಹುಡುಕುವಾಗ ಅವರು ಮಕ್ಕಳ ಬುದ್ಧಿಯ ಕಡೆ ಮಾತ್ರ ಬೆರಳು ತೋರಿಸಲಿಲ್ಲ. ತಡವಾಗಿ ಶಾಲೆಗೆ ಸೇರುವುದು, ಕಾಯಿಲೆ, ಸರಿಯಾಗಿ ಹಾಜರಾಗದಿರುವುದು ಇವೆಲ್ಲ ಅವರ ಪಟ್ಟಿಯಲ್ಲಿದ್ದವು. ಇನ್ನೊಂದು ಮಾತನ್ನೂ ಹೇಳಿದರು: ಪಾಠಗಳನ್ನು ಸಾಧಾರಣ ಮಗುವಿನ ಅಳತೆಗೆ ಮಾಡಿಲ್ಲ, ತುಂಬಾ ಚುರುಕಾದ ಮಗುವಿನ ಅಳತೆಗೆ ಮಾಡಿದ್ದೇವೆ ಅಂತ. ಪುಸ್ತಕದ ಹೆಸರು ಇವತ್ತಿಗೆ ಕಿವಿಗೆ ಚುಚ್ಚುತ್ತದೆ, ಆದರೆ ಈ ಮಾತು ಇವತ್ತಿಗೂ ಹಳತಾಗಿಲ್ಲ.

ಅದೇ ವರ್ಷ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ, ಮರುವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೂನಿಯರ್ ಹೈಸ್ಕೂಲುಗಳು ಶುರುವಾದವು. ಎಂಟನೇ ಕ್ಲಾಸಿಗೇ ಓದು ನಿಲ್ಲಿಸುವ ಮಕ್ಕಳನ್ನು ಹೇಗಾದರೂ ಮಾಡಿ ಒಂಬತ್ತಕ್ಕೆ ದಾಟಿಸಬೇಕು ಅನ್ನುವುದೂ ಅವುಗಳ ಉದ್ದೇಶಗಳಲ್ಲಿ ಒಂದು. ಇವತ್ತಿನ ಮಿಡ್ಲ್ ಸ್ಕೂಲಿನ ಬೇರು ಅಲ್ಲಿದೆ. ಈ ಮಕ್ಕಳನ್ನು ದಾಟಿಸುವುದಕ್ಕೆಂದು ಕಟ್ಟಿದ ಸೇತುವೆಯ ಮೇಲೆಯೇ ಅವರು ಸಿಕ್ಕಿಹಾಕಿಕೊಂಡಿದ್ದಾರೆ ಅನ್ನುವುದು ನನಗೆ ತುಂಬಾ ನೋವಿನ ಸಂಗತಿ.

1930ರ ದಶಕದ ಹೊತ್ತಿಗೆ ಗಾಳಿ ಬದಲಾಯಿತು. ಫೇಲ್ ಮಾಡಿದರೆ ಮಗುವಿನ ಮನಸ್ಸು ಮುದುಡುತ್ತದೆ, ಹಾಗಾಗಿ ಓರಗೆಯವರ ಜೊತೆಗೇ ಮುಂದೆ ಕಳಿಸಿ ಅನ್ನುವ ವಿಚಾರ ಬಲವಾಯಿತು. ಅದಕ್ಕೆ ‘ಸೋಷಿಯಲ್ ಪ್ರಮೋಷನ್’ ಎಂಬ ಹೆಸರು ಅಂಟಿಕೊಂಡಿತು. ಕಲಿಯದೆಯೇ ಮುಂದೆ ಹೋದ ಮಕ್ಕಳನ್ನು ಕಂಡು ಜನರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೂ ನ್ಯಾಯವಿತ್ತು. ಓದಲು ಬಾರದ ಹುಡುಗನ ಕೈಗೆ ಸರ್ಟಿಫಿಕೇಟ್ ಕೊಟ್ಟು ಕಳಿಸುವುದು ಉಪಕಾರವಲ್ಲ, ಅಲ್ವಾ?

ಹಾಗಾಗಿ 1981ರಲ್ಲಿ ನ್ಯೂಯಾರ್ಕ್ ನಗರ ನಾಲ್ಕನೇ ಮತ್ತು ಏಳನೇ ಕ್ಲಾಸಿಗೆ ಗೇಟು ಹಾಕಿತು. ಪರೀಕ್ಷೆ ದಾಟದವರು ಅಲ್ಲೇ. 1983ರಲ್ಲಿ ದೇಶದ ಶಿಕ್ಷಣ ಅಪಾಯದಲ್ಲಿದೆ ಅಂತ ಬಂದ ಸರ್ಕಾರಿ ವರದಿ, ಮಕ್ಕಳನ್ನು ಮುಂದೆ ಕಳಿಸುವುದು ವಯಸ್ಸು ನೋಡಿ ಅಲ್ಲ, ಕಲಿಕೆ ನೋಡಿ ಅಂದಿತು. 1999ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ ಮುಂದೆ ನಿಂತು ಸೋಷಿಯಲ್ ಪ್ರಮೋಷನ್ ನಿಲ್ಲಬೇಕು ಅಂದರು. ಅಷ್ಟರಲ್ಲಿ ಶಿಕಾಗೊ ಅದನ್ನು ಮಾಡಿಯೂ ಆಗಿತ್ತು.

ಶಿಕಾಗೊದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1990ರ ದಶಕದ ಮಧ್ಯದಲ್ಲಿ ಆ ನಗರ ಮೂರು, ಆರು, ಎಂಟನೇ ಕ್ಲಾಸುಗಳಿಗೆ ಓದು ಮತ್ತು ಗಣಿತದ ಪರೀಕ್ಷೆಯಲ್ಲಿ ಇಷ್ಟು ಅಂಕ ಬರಲೇಬೇಕು ಅಂತ ಗೆರೆ ಎಳೆಯಿತು. ಬರದವರಿಗೆ ಬೇಸಿಗೆ ಶಾಲೆ. ಅಲ್ಲೂ ಆಗದಿದ್ದರೆ ಅದೇ ಕ್ಲಾಸು ಇನ್ನೊಂದು ವರ್ಷ. ಎಂಟನೇ ಕ್ಲಾಸಿನಲ್ಲಿರುವಾಗಲೇ 15 ತುಂಬಿದವರಿಗಾಗಿ ‘ಟ್ರಾನ್ಸಿಷನ್ ಸೆಂಟರ್’ ಅಂತ ಬೇರೆಯೇ ಕೇಂದ್ರ ತೆರೆದರು. ಬೇಸಿಗೆ ಶಾಲೆಯಿಂದ ಕೆಲವರಿಗೆ ಅನುಕೂಲವಾಯಿತು, ಅದನ್ನು ಹೇಳಲೇಬೇಕು. ಆದರೆ ಕ್ಲಾಸಿನಲ್ಲೇ ಉಳಿಸಿಕೊಂಡ ಮಕ್ಕಳ ಕಥೆ ಬೇರೆ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಅವರ ಬೆನ್ನು ಹತ್ತಿ 2004ರಲ್ಲಿ ವರದಿ ಕೊಟ್ಟರು. ಮೂರನೇ ಕ್ಲಾಸಿನಲ್ಲಿ ಉಳಿದವರಿಗೆ ಲಾಭವಾಗಿರಲಿಲ್ಲ. ಆರನೇ ಕ್ಲಾಸಿನಲ್ಲಿ ಉಳಿದವರು, ಅಷ್ಟೇ ಅಂಕ ಪಡೆದೂ ಮುಂದೆ ಹೋದವರಿಗಿಂತ ಕಡಿಮೆ ಕಲಿತಿದ್ದರು. 2009ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ನಗರದ ದಾಖಲೆ ನೋಡಿ, ಎಂಟನೇ ಕ್ಲಾಸಿನಲ್ಲಿ ತಡೆದ ಮಕ್ಕಳು ಹೈಸ್ಕೂಲು ಮುಗಿಸದೆ ಬಿಡುವ ಸಂಭವ ಹೆಚ್ಚು ಅಂತ ತೋರಿಸಿದರು.

ಇದು ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. 1989ರಲ್ಲೇ ಥಾಮಸ್ ಹೋಮ್ಸ್ ಎಂಬ ಸಂಶೋಧಕರು 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಅದರಲ್ಲಿ 54 ಅಧ್ಯಯನಗಳು ಕ್ಲಾಸಿನಲ್ಲೇ ಉಳಿಸಿದ್ದರಿಂದ ಕೆಡುಕೇ ಆಯಿತು ಅಂದಿದ್ದವು. ಆದರೂ 2000ದಿಂದ ಲೂಸಿಯಾನ ರಾಜ್ಯ ನಾಲ್ಕು ಮತ್ತು ಎಂಟನೇ ಕ್ಲಾಸಿಗೆ ಪರೀಕ್ಷೆಯ ಗೇಟು ಹಾಕಿತು. 2004ರಲ್ಲಿ ನ್ಯೂಯಾರ್ಕ್ ನಗರ ಮೂರನೇ ಕ್ಲಾಸಿನಿಂದ ಮತ್ತೆ ಶುರು ಮಾಡಿ ಮೇಲಿನ ಕ್ಲಾಸುಗಳಿಗೂ ಹಬ್ಬಿಸಿತು. ಒಂದೊಂದು ಗೇಟಿನ ಹಿಂದೆಯೂ ಮಕ್ಕಳು ಶೇಖರವಾದರು. ಅದರ ಜೊತೆ ಯುದ್ಧ, ಬಡತನದಿಂದ ಓದು ನಿಂತು ವಲಸೆ ಬಂದವರು, ಬೆಳೆ ಹಿಂಬಾಲಿಸಿ ಊರೂರು ಸುತ್ತುವ ಕೂಲಿಗಳ ಮಕ್ಕಳು, ಮನೆ ಕಳೆದುಕೊಂಡು ಪದೇ ಪದೇ ಶಾಲೆ ಬದಲಿಸಿದವರು.

ಇಷ್ಟು ವರ್ಷದ ಜಗಳದಲ್ಲಿ ಎರಡೇ ದಾರಿ ಇವೆ ಅಂತ ಎಲ್ಲರೂ ಅಂದುಕೊಂಡಿದ್ದರು: ಅಲ್ಲೇ ಕೂರಿಸು, ಇಲ್ಲವೇ ಮುಂದೆ ತಳ್ಳು. ಮೂರನೇ ದಾರಿ ಅಂದರೆ ಕಳೆದ ವರ್ಷವನ್ನು ವಾಪಸ್ ಕೊಡುವುದು, ಅಂದರೆ ಒಂದೇ ವರ್ಷದಲ್ಲಿ ಎರಡು ವರ್ಷದ ದಾರಿ ನಡೆಸುವುದು. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಲೆವಿನ್ ಹಿಂದೆ ಬಿದ್ದ ಮಕ್ಕಳಿಗೆ ವೇಗ ತಗ್ಗಿಸಬೇಡಿ, ಹೆಚ್ಚಿಸಿ ಅಂದಾಗ ಹಲವರಿಗೆ ಅದು ತಲೆಕೆಳಗಾಗಿ ಕಂಡಿರಬೇಕು. ಆದರೆ ನಿಧಾನ ಮಾಡುತ್ತಾ ಹೋದರೆ ಅಂತರ ಬೆಳೆಯುತ್ತದೆ ಅನ್ನುವುದು ಸರಳ ಲೆಕ್ಕ.

ಅದು ಹೇಗೆ ಸಾಧ್ಯ ಅಂತ ಕೇಳುವವರಿಗೆ ಒಂದು ಸಣ್ಣ ಉದಾಹರಣೆ. ಬೋರ್ಡಿನ ಮೇಲೆ ಲೆಕ್ಕ: ಒಂದು ಸಂಖ್ಯೆಯ ಮುಕ್ಕಾಲು ಭಾಗ 6 ಆದರೆ ಆ ಸಂಖ್ಯೆ ಯಾವುದು? ನಮ್ಮ ಹುಡುಗ ನಾಲ್ಕೂವರೆ ಅಂತ ಬರೆಯುತ್ತಾನೆ. ಆರರ ಮುಕ್ಕಾಲು ತೆಗೆದಿದ್ದಾನೆ. ಬರೀ ತಪ್ಪು ಅಂತ ಗೀಟು ಹಾಕಿದರೆ ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಕೂತ ಟೀಚರ್ ಒಂದು ಉದ್ದ ಪಟ್ಟಿ ಬರೆದು ನಾಲ್ಕು ಭಾಗ ಮಾಡುತ್ತಾರೆ. ಮೂರು ಭಾಗಕ್ಕೆ ಗೆರೆ ತುಂಬಿ, ಇದಿಷ್ಟೂ ಸೇರಿ 6, ಒಂದೊಂದು ಎಷ್ಟು ಅಂತಾರೆ. ಎರಡು. ಹಾಗಾದರೆ ಇಡೀ ಪಟ್ಟಿ? ಅವನು ಎಂಟು ಅಂತ ಬರೆದು ತಲೆ ಎತ್ತುತ್ತಾನೆ. ಅವನಿಗೆ ಬಾರದಿದ್ದದ್ದು ಏಳನೇ ಕ್ಲಾಸಿನ ಬೀಜಗಣಿತ ಅಲ್ಲ, ನಾಲ್ಕನೇ ಕ್ಲಾಸಿನ ಭಿನ್ನರಾಶಿ. ಏಳನೇ ಕ್ಲಾಸನ್ನು ಇನ್ನೊಂದು ವರ್ಷ ಮೊದಲಿಂದ ಓದಿಸಿದರೆ ಆ ತೂತು ಮುಚ್ಚುವುದಿಲ್ಲ. ತೂತು ಎಲ್ಲಿದೆ ಅಂತ ಹುಡುಕಿ ಕೆಲವು ವಾರ ಅದರ ಮೇಲೆಯೇ ಕೂತರೆ, ಉಳಿದ ತಿಂಗಳುಗಳು ಮುಂದಿನ ಪಾಠಕ್ಕೆ ಉಳಿಯುತ್ತವೆ.

ಇದಕ್ಕೆ ಚಿಕ್ಕ ಕ್ಲಾಸು ಬೇಕು, ಜಾಸ್ತಿ ಹೊತ್ತು ಬೇಕು. ಬಾಸ್ಟನ್, ಶಿಕಾಗೊಗಳಲ್ಲಿ ಹೈಸ್ಕೂಲು ಮಕ್ಕಳಿಗೆ ದಿನಕ್ಕೊಂದು ಪೀರಿಯಡ್, ಇಬ್ಬರಿಗೆ ಒಬ್ಬ ಟ್ಯೂಟರ್ ಅಂತ ಮಾಡಿ ಗಣಿತದಲ್ಲಿ ಒಳ್ಳೆಯ ಫಲ ಕಂಡಿದ್ದಾರೆ. ಶಾಲೆಯ ಹೊತ್ತಿನಲ್ಲೇ ಮಾಡಬೇಕು, ಸಂಜೆಗೆ ಇಟ್ಟರೆ ಈ ಮಕ್ಕಳು ತಮ್ಮ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲೋ ಕೆಲಸಕ್ಕೋ ಹೋಗಿರುತ್ತಾರೆ. ಓದಲು ಕೊಡುವ ಪುಸ್ತಕದ ಭಾಷೆ ಸುಲಭ ಇರಲಿ, ಆದರೆ ವಿಷಯ 15 ವರ್ಷದವರದ್ದಾಗಿರಲಿ. ಮೊಲ, ಆಮೆಯ ಪಾಠ ಕೊಟ್ಟರೆ ಅವನು ಮತ್ತೆ ಬಾತ್‌ರೂಮಿಗೆ ಎದ್ದು ಹೋಗುತ್ತಾನೆ.

ಇನ್ನೊಂದು ತೊಡಕು ಹೈಸ್ಕೂಲಿನ ಕಡೆಯದು. 1906ರ ಸುಮಾರಿಗೆ ಬಂದ ‘ಕಾರ್ನೆಗಿ ಯೂನಿಟ್’ ಪ್ರಕಾರ ಹೈಸ್ಕೂಲಿನ ಓದನ್ನು ಕ್ಲಾಸಿನಲ್ಲಿ ಕೂತ ಗಂಟೆಗಳಲ್ಲಿ ಅಳೆಯುತ್ತಾರೆ, ಒಂದು ವಿಷಯಕ್ಕೆ ವರ್ಷಕ್ಕೆ 120 ಗಂಟೆ. ಅಷ್ಟು ಕೂತು ಪಾಸಾದರೆ ಹೈಸ್ಕೂಲು ಮುಗಿಸಲು ಬೇಕಾದ ಖಾತೆಗೆ ಒಂದು ಕ್ರೆಡಿಟ್. ಮಿಡ್ಲ್ ಸ್ಕೂಲಿನಲ್ಲಿ ಎಷ್ಟು ವರ್ಷ ಕೂತರೂ ಸಾಮಾನ್ಯವಾಗಿ ಆ ಖಾತೆಗೆ ಒಂದು ಕಾಸೂ ಬೀಳುವುದಿಲ್ಲ. ಹಾಗಾಗಿ ಎಂಟನೇ ಕ್ಲಾಸಿನ ಪಾಠದ ಜೊತೆಗೇ ಒಂದೆರಡು ಹೈಸ್ಕೂಲು ಕ್ರೆಡಿಟ್ ಗಳಿಸಲು ಬಿಡುವುದು ದೊಡ್ಡ ಸಹಾಯ. ಖಾತೆಯಲ್ಲಿ ಏನೋ ಇದೆ ಅನ್ನುವ ಧೈರ್ಯದಿಂದ ಮಗು ಹೈಸ್ಕೂಲಿಗೆ ಕಾಲಿಡುತ್ತದೆ.

ಲೂಸಿಯಾನ ಕೊನೆಗೂ ತನ್ನ ಗೇಟನ್ನು ಸಡಿಲಿಸಿತು. 2014ರಿಂದ ಅಲ್ಲಿ ‘ಟ್ರಾನ್ಸಿಷನಲ್ ನೈಂತ್ ಗ್ರೇಡ್’ ಬಂದಿದೆ. ಎಂಟನೇ ಕ್ಲಾಸು ದಾಟದ ಮಗುವನ್ನು ಮತ್ತೆ ಅದೇ ಕೋಣೆಗೆ ಹಾಕುವ ಬದಲು ಹೈಸ್ಕೂಲಿನ ಕಟ್ಟಡಕ್ಕೆ ಕಳಿಸಬಹುದು. ಉಳಿದುಹೋದ ವಿಷಯ ಅಲ್ಲೇ ಕಲಿಯುತ್ತಾ, ಜೊತೆಗೆ ಹೈಸ್ಕೂಲಿನ ಕ್ರೆಡಿಟ್ಟನ್ನೂ ಗಳಿಸಬಹುದು. ಓರಗೆಯವರ ನಡುವೆ, ಕಾಲು ಹಿಡಿಯುವಂಥ ಡೆಸ್ಕಿನಲ್ಲಿ. ಆದರೆ ಈ ನಿಯಮ ಶುರುವಾಗುವುದೇ ಎಂಟನೇ ಕ್ಲಾಸಿನ ಕೊನೆಯಲ್ಲಿ. ಏಳನೇ ಕ್ಲಾಸಿನ ಆ 15ರ ಹುಡುಗ ಅಲ್ಲಿಯವರೆಗೆ ಬರಬೇಕು, ಅಷ್ಟರಲ್ಲಿ ಅವನಿಗೆ 16 ತುಂಬಿರುತ್ತದೆ.